ಗೋಡೆಗೆ ಮುಖ ಮಾಡಿದ ಆನೆ

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದರ್ಜಿ ಪರರ ಮಾತಿಗೆ ಕಿವಿಗೊಡುವವನಲ್ಲ. ಆದರೆ ಆನೆಯ ಸುದ್ದಿ ಬಂದರೆ ಯಾರ ಕಿವಿ ತಾನೇ ನಿಮಿರುವುದಿಲ್ಲ? ಮುಂದಿದ್ದವರು ಹೊಸ ಪ್ರಾಥಮಿಕ ಶಾಲೆಯ ಹೆಡ್‌ಮಿಸ್ಸು ಮತ್ತು ಕೈಗೆಲ್ಲ ಸಿಮೆಂಟು ಮೆತ್ತಿಕೊಂಡ ಶಿಲ್ಪಿ.

“ಆನೆ ಚೆನ್ನಾಗಿದೆಯಪ್ಪಾ. ಆದ್ರೆ ಗೇಟಿಗೆ ಬೆನ್ನು ಹಾಕಿ ನಿಂತಿದೆಯಲ್ಲ?”

“ಮಕ್ಕಳು ಹೇಳಿದ ಹಾಗೇ ಮಾಡು ಅಂದಿದ್ದು ನೀವೇ ಅಲ್ವಾ ಮೇಡಂ?”

“ಗೋಡೆಗೆ ಮುಖ ಮಾಡಿಸಿ ಅಂದ್ರಾ?”

“ಅದು ಕಣ್ಣಾಮುಚ್ಚಾಲೆ ಆಡ್ತಿದೆಯಂತೆ. ಕಣ್ಣು ಮುಚ್ಕೊಂಡು ಎಣಿಸ್ತಿದೆಯಂತೆ.”

“ನಾಳೆ ಉದ್ಘಾಟನೆಗೆ ಬಂದ ಮಂತ್ರಿಗಳು ಪರದೆ ಸರಿಸಿದ್ರೆ ಬಾಲ ಕಾಣತ್ತೆ.”

“ಬಾಲ ಒಂದೇ ಆಗಿದ್ರೆ ಪರವಾಗಿರಲಿಲ್ಲ.”

“ತಿರುಗಿಸೋಕೆ ಆಗಲ್ವಾ?”

“ಕೇಳಿ ನೋಡ್ದೆ. ಮಕ್ಕಳು ಸುತರಾಂ ಒಪ್ಪಲಿಲ್ಲ.”

“ಮತ್ತೆ ಮಂತ್ರಿಗಳನ್ನ ಎಲ್ಲಿ ನಿಲ್ಲಿಸಲಿ?”

ಬಸ್ಸು ಬಂತು. ಶಿಲ್ಪಿ ಮೆಟ್ಟಿಲು ಹತ್ತುತ್ತಲೇ ಹೇಳಿದ:

“ನಿಲ್ಲೋ ಹಾಗಿಲ್ಲ ಮೇಡಂ. ಪರದೆ ಸರಿಸಿದ ತಕ್ಷಣ ಅವರೂ ಓಡಿಹೋಗಿ ಬಚ್ಚಿಟ್ಕೋಬೇಕಂತೆ.”