ಚಿಲಕವಿಲ್ಲದ ಮನೆ

…ಹೇರ್‌ಪಿನ್ನು! ಬರೀ ಒಂದು ಹೇರ್‌ಪಿನ್ನು ಕಣೇ ಮೊಮ್ಮಗಳೇ! ಆನೆಗಾತ್ರದ ತಿಜೋರಿ. ಬ್ಯಾಂಕಿನ ಮ್ಯಾನೇಜರು ಊರೂರಿಂದ ಮೇಸ್ತ್ರಿಗಳನ್ನ ಕರೆಸಿ, ಸುಸ್ತಾಗಿ, ಕೊನೆಗೆ ಬಂದು ನನ್ನ ಕಾಲು ಹಿಡಿದ. ನಾನು ಪಿನ್ನು ತೂರಿಸೋ ಹೊತ್ತಿಗೆ ಅವನಿಗೆ ಸೀನು ಬಂತು. ಮೂಗು ಎತ್ತಿದ… ಸೀನು ಹೊರಗೆ ಬರೋದ್ರೊಳಗೆ ತಿಜೋರಿ ಬಾಯಿ ಬಿಟ್ಟಿತ್ತು! ಯಾಕೆ ನಗ್ತೀಯ? ಸಾಕ್ಷಿ ಬೇಕಾ? ಮ್ಯಾನೇಜರು ಸತ್ತ. ಕಾವಲಿನವನೂ ಸತ್ತ. ದೀಪ ಹಿಡಿದು ನಿಂತಿದ್ದವನು ನನ್ನ ತಮ್ಮ… ಅವನೂ ಇಲ್ಲ. ಹೋಗಿ ಕೇಳ್ಕೋ, ಯಾರನ್ನ ಕೇಳ್ತೀಯೋ!

ನಗು, ನಗು. ನೀನು ನಕ್ಕು ಎಷ್ಟು ಕಾಲ ಆಗಿತ್ತು.

ಅದೇನು ಪೊಟ್ಟಣದಲ್ಲಿ? …ಚಿಲಕ. ನಿನ್ನ ರೂಮಿಗೆ. ಥೂ, ಇದೂ ಒಂದು ಚಿಲಕವಾ? ತಗಡು! ಉಫ್ ಅಂದ್ರೆ ಹಾರಿಹೋಗತ್ತೆ… ಇಲ್ಲ, ಹಾಕಲ್ಲ. ನನ್ನ ಹತ್ರ ಸ್ಕ್ರೂ ಇಲ್ಲ. ಆ ಡಬ್ಬಿ ತುಂಬ ಇರೋದಾ? ಅವು… ಅವು ಬೇರೆ ಅಳತೆಯವು.

ಬೀಗ ರಿಪೇರಿಯವನ ಮನೇಲಿ ಬಚ್ಚಲಿಗೂ ಚಿಲಕ ಇಲ್ಲ ಅಂತ ಬೀದಿಯೆಲ್ಲ ಆಡ್ಕೊಂಡು ನಗತ್ತೆ, ನಂಗೊತ್ತಿಲ್ವಾ? ಒಳಗೆ ಹೋದವರು ಕೆಮ್ಮಬೇಕು, ಇಲ್ಲಾ ಹಾಡಬೇಕು. ನಿಮ್ಮಜ್ಜಿ ಹಾಡಿದ್ರೆ ಪಕ್ಕದ ಮನೆಯವರು ಚಿಲಕ ಹಾಕ್ಕೊಳ್ತಿದ್ರು! …ಈಗ ನಗಲ್ವಾ?

ಯಾಕಿಲ್ಲ ಅಂದ್ರೆ… ಒಂದ್ಸಲ ಭೂಮಿ ನಡುಗ್ತು ನೋಡು. ಮನೇಲಿದ್ದ ಚಿಲಕಗಳೆಲ್ಲ ತಾವಾಗೇ ಕಳಚಿಕೊಂಡು, ಸಾಲಾಗಿ, ಬೀದಿಗಿಳಿದು… ಆಯ್ತು. ಆಯ್ತು, ಹಾಗೆ ನೋಡಬೇಡ.

ಡಾಕ್ಟರು ಏನು ಕೇಳಿದ್ರು ಅಂದೆ? …ಮನೇಲಿ ಮುಂಚೆ ಯಾರಿಗಾದ್ರೂ ಹೀಗೆ ಮನಸ್ಸಿಗೆ ಕಾಯಿಲೆ ಆಗಿತ್ತಾ ಅಂತ. ನೀನೇನಂದೆ? ಯಾರಿಗೂ ಇಲ್ಲ ಅಂದ್ಯಾ? ಸರಿಯಾಗೇ ಅಂದೆ! ನಮ್ಮ ವಂಶ ಅಂದ್ರೇನು! ನಮ್ಮಪ್ಪ ಗೋಡೆಗೆ ತಲೆ ಗುದ್ದಿದ್ರೆ ಗೋಡೆಗೆ ತಲೆನೋವು ಬರ್ತಿತ್ತು.

ಚಿಕ್ಕಜ್ಜನಾ? ಈಗ್ಯಾಕೆ ನನ್ನ ತಮ್ಮನ ಸುದ್ದಿ? ಜ್ವರ ಬಂತು, ಹೋದ. ಹೊಳೆಗೆ ಬಿದ್ದ ಅಂತ ಅಜ್ಜಿ ಅಂದಿದ್ಲಾ? ಅವಳಿಗೇನು ಗೊತ್ತು. ನಿಮ್ಮಪ್ಪ ಲಾರಿ ಅಂದನಾ? …ಹೂಂ ಮತ್ತೆ! ಜ್ವರ ಬಂದಿತ್ತು, ಜ್ವರದಲ್ಲೇ ಹೊಳೆ ಕಡೆ ಹೊರಟ, ದಾರೀಲಿ ಲಾರಿ… ಒಬ್ಬ ಮನುಷ್ಯ ಮೂರು ಸಲ ಸಾಯಬಾರದು ಅಂತ ಕಾನೂನಿದೆಯಾ?

ಎಂಥ ಕೈ ಗೊತ್ತಾ ಅವನದು! ನಾನು ಅರ ಉಜ್ಜಿದ್ರೆ ಕಬ್ಬಿಣ ಕಿರುಚತ್ತೆ. ಅವನು ಉಜ್ಜಿದ್ರೆ ಹಾಡ್ತಿತ್ತು. ಬರ್ತಾ ಬರ್ತಾ ಸುಮ್ಮನಾಗಿಬಿಟ್ಟ. ಬಡಿಸಿದ ತಟ್ಟೆ ಬಡಿಸಿದ ಹಾಗೇ ಇರೋದು. ಮಾತಾಡಿಸಿದ್ರೆ, ಬಹಳ ದೂರದಿಂದ ನಡ್ಕೊಂಡು ಬಂದವನ ಹಾಗೆ ನೋಡೋನು. "ಅಣ್ಣಾ, ಸ್ವಲ್ಪ ಒಬ್ಬನೇ ಇರ್ತೀನಿ. ನನ್ನ ಕೋಣೆಗೊಂದು ಚಿಲಕ ಮಾಡ್ಕೊಡು" ಅಂದ. ನನ್ನ ಜಂಬ ಕೇಳ್ಬೇಕಾ? ಬ್ರಹ್ಮ ಬಂದ್ರೂ ಹೊರಗಿಂದ ತೆಗೆಯೋಕಾಗಬಾರದು, ಹಂಗೆ ಮಾಡ್ತೀನಿ ನೋಡು ಅಂತ…

ಏನೂ ಇಲ್ಲ. ಮಾಡ್ಕೊಟ್ಟೆ. ಚೆನ್ನಾಗಿತ್ತು ಚಿಲಕ.

ಕೈ ತೆಗಿ ಅಲ್ಲಿಂದ. ಹಳೇ ಮೇಜು, ಸಿಬಿರು ಚುಚ್ಚತ್ತೆ. …ಹೂಂ, ಬಾಗಿಲೇ. ಹಳೇ ಬಾಗಿಲಿಗೆ ನಾಲ್ಕು ಕಾಲು ಹೊಡೆದಿದ್ದು. ಎಸೆಯೋಕೆ ಮನಸ್ಸು ಬರಲಿಲ್ಲ. ಆ ಕಚ್ಚುಗಳಾ? ಅವು… ಕೊಡಲಿ ಏಟು. ಕಳ್ಳರು ಬಂದಿದ್ರು! ಹೂಂ ಕಣೇ, ಒಬ್ಬೊಬ್ಬನೂ ದೀಪದ ಕಂಬದಷ್ಟು ಎತ್ತರ, ನಾನೊಬ್ಬನೇ ಎದುರಿಗೆ…

ಏನಾದ್ರೂ ಅನ್ನೇ.

ಕಳ್ಳರಾದ್ರೆ ಕೊಡಲಿ ಏಟೆಲ್ಲ ಒಳಚಿಲಕದ ತೂತಿನ ಸುತ್ತಲೇ ಯಾಕಿದೆ ಅಂತ ಕೇಳು. ಸುಳ್ಳ ಅನ್ನು, ಬೈ. ಹೀಗೆ ಬೆರಳಾಡಿಸ್ಕೊಂಡು ಸುಮ್ಮನೆ ಕೂತ್ಕೋಬೇಡ… ಅವತ್ತೂ ಇಷ್ಟೇ ಸುಮ್ಮನಿತ್ತು, ಇದೇ ಬಾಗಿಲ ಆ ಕಡೆ. "ತಮ್ಮಾ" ಅಂದೆ. ಪಿನ್ನು ಹಾಕಿದೆ, ತಂತಿ ಹಾಕಿದೆ… ತಮ್ಮಾ, ತಮ್ಮಾ ಅಂತ…

ಹೂಂ. ಸಿಕ್ಕಿಬಿದ್ದೆ. ಏನೀಗ? ತಿಜೋರಿ ತೆಗೆದವನೂ ಅವನೇ. ದೀಪ ಹಿಡಿದಿದ್ದು ನಾನು.

ನಾಳೆ ನಾನೂ ಬರ್ತೀನಿ ಡಾಕ್ಟರ ಹತ್ರ. ಮನೇಲಿ ಯಾರಿಗಾಗಿತ್ತು ಅಂತ ನನ್ನನ್ನೇ ಕೇಳಲಿ. ನನ್ನ ತಮ್ಮನಿಗೆ, ಅಂತೀನಿ. ತನ್ನ ಜೀವ ತಾನೇ ತಕ್ಕೊಂಡ, ಅಂತೀನಿ. …ನೋಡು, ಅಂದೇಬಿಟ್ಟೆ. ಸೂರೇನೂ ಬೀಳಲಿಲ್ಲ.

ಆ ಚಿಲಕ ಇಲ್ಲಿ ಕೊಡು ಮಗಳೇ. ಬಾಗಿಲು ಮುಂದೆ ಮಾಡ್ಕೋ, ಬೇಡ ಅನ್ನಲ್ಲ. ಆದ್ರೆ ಒಳಗಿದ್ದಾಗ ಕೆಮ್ತಾ ಇರು…

ಈಗ ಒಂದ್ಸಲ ಕೆಮ್ಮೇ.

ಕೆಮ್ಮೇ, ಪುಟ್ಟಿ.