ಎರಡು ಮುಖದ ನಡುವಿನ ಪೊರೆ

“ಹೊಸಾದು ಹಾಕಿದ್ರೂ ಸೋರತದಲ್ಲ, ಯಾಕ?”

ಯಾರನ್ನು ಕೇಳಿದ? ಯಾರನ್ನೂ ಅಲ್ಲ. ಗಿರಣಿಯಲ್ಲಿ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ನೆಲಕ್ಕೆ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ಬೆರಳಿಂದ ಮುಟ್ಟಿ, ತನ್ನಷ್ಟಕ್ಕೇ ಕೇಳಿದ. ಸಿರಿವಂತರ ಕಥೆ ಬಹಳ ಕೇಳಿದ್ದೀರಿ. ಈ ಈರಬಸಪ್ಪನೂ ಸಿರಿವಂತನೇ. ಸೂರ್ಯಕಾಂತಿ ಎಣ್ಣೆಯ ದೊಡ್ಡ ಗಿರಣಿ, ಬಾಗಿಲಲ್ಲಿ ಸಾಲುಗಟ್ಟಿದ ಲಾರಿ, ಕರೆದರೆ ಓಡಿ ಬರುವ ಆಳುಕಾಳು. ಆದರೆ ಮನೆಯಲ್ಲಿ ಊಟಕ್ಕೆ ಕುಳಿತರೆ ಅವನ ಪಕ್ಕದ ಮಣೆ ಖಾಲಿ. ಅದು ಅವನ ಅಕ್ಕ ಗೌರಕ್ಕನ ಮಣೆ.

ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು ಅವಳು. ಎತ್ತಿನ ಗಾಣದ ಕಾಲದಿಂದ ಅವನ ಜೊತೆ ದುಡಿದವಳು ಅವಳು. ಗಿರಣಿಗೆ ಯಾವ ಯಂತ್ರ ಬಂದರೂ ಅದಕ್ಕೆ ಕುಂಕುಮ ಹಚ್ಚಿ, ದೀಪ ಬೆಳಗಿ, “ಹೂಂ, ಈಗ ನಡಸ್ರಿ” ಅನ್ನುವವಳೂ ಅವಳೇ. ಆ ಮಾತು ಬರುವ ತನಕ ಯಾರೂ ಗುಂಡಿ ಒತ್ತುತ್ತಿರಲಿಲ್ಲ.

ಈ ಪಂಪು ಬಂದ ದಿನ ಏನಾಯಿತು? ಲಾರಿಯವರು ಹಾರನ್ ಹೊಡೆಯುತ್ತಿದ್ದರು. ಅಕ್ಕ ಬತ್ತಿ ಹೊಸೆಯುತ್ತಿದ್ದಳು. ಈರಬಸಪ್ಪನಿಗೆ ತಾಳ್ಮೆ ತಪ್ಪಿತು.

“ಎಷ್ಟೊತ್ತ ಮಾಡ್ತೀಯಬೇ ಅಕ್ಕಾ? ಇದು ಗಿರಣಿ, ನಿನ್ನ ದೇವರ ಮನಿ ಅಲ್ಲ!”

ಅಕ್ಕ ಸುಮ್ಮನಿದ್ದಳೇ? ಇಲ್ಲ. “ನಿನ್ನ ಮೂಗಿನ ಸಿಂಬಳ ಒರಸಿದ ಕೈ ಇದು. ಇವರ ಮುಂದ ಭಾಳ ದೊಡ್ಡಾಂವ ಆಗಬ್ಯಾಡ” ಅಂದಳು. ಆಳುಗಳು ಟವೆಲ್ಲು ಬಾಯಿಗಿಟ್ಟುಕೊಂಡು ನಕ್ಕರು. ಆ ನಗೆ ಇವನ ಎದೆಗೆ ನಾಟಿತು. ಇವನ ಮಾತು ಅವಳ ಎದೆಗೆ ನಾಟಿತ್ತು. ದೀಪ ಹತ್ತಲಿಲ್ಲ, ಇವನು ಗುಂಡಿ ಒತ್ತಿದ. ಪಂಪು ಕಿರ್ರೆಂದು ಚೀರಿತು, ಸುಟ್ಟ ವಾಸನೆ ಎದ್ದಿತು, ಎಣ್ಣೆ ಸೋರತೊಡಗಿತು. ಅಕ್ಕ ಆರತಿ ತಟ್ಟೆ ಎತ್ತಿಕೊಂಡು ಹಿಂದಿನ ಓಣಿಯಲ್ಲಿದ್ದ ಮಗಳ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ನೋಡಿ, ಆ ಪಂಪಿನಲ್ಲಿ ಸುಟ್ಟದ್ದೇನು ಅನ್ನುವುದನ್ನು ತಿಳಿಯಬೇಕು. ಹೊರಗೆ ಮೋಟಾರು, ಒಳಗೆ ಎಣ್ಣೆ. ತಿರುಗುವ ದಂಡ ಹೊರಗಿಂದ ಒಳಗೆ ಹೋಗಬೇಕಾದರೆ ಗೋಡೆಗೆ ತೂತು ಬೇಕು. ತೂತಿದ್ದಲ್ಲಿ ಸೋರಬೇಕಲ್ಲವೇ? ಸೋರದಂತೆ ಅಲ್ಲೊಂದು ಸೀಲು ಕೂಡಿಸಿರುತ್ತಾರೆ. ಸಕ್ಕರೆ ಕಾರ್ಖಾನೆಗೆ ಹೋಗಿ, ಹಾಲಿನ ಡೇರಿಗೆ ಹೋಗಿ, ಔಷಧಿ ತಯಾರಿಸುವಲ್ಲಿಗೆ ಹೋಗಿ, ಪಂಪಿದ್ದಲ್ಲಿ ಅದು ಇರುತ್ತದೆ. ಏನದು? ಎರಡು ಉಂಗುರ. ಒಂದು ದಂಡದ ಜೊತೆ ತಿರುಗುತ್ತದೆ, ಇನ್ನೊಂದು ಕುಳಿತಲ್ಲೇ ಕುಳಿತಿರುತ್ತದೆ. ಎರಡರ ಮುಖವನ್ನೂ ಕನ್ನಡಿಯ ಹಾಗೆ ಉಜ್ಜಿರುತ್ತಾರೆ. ಸ್ಪ್ರಿಂಗೊಂದು ಮುಖಕ್ಕೆ ಮುಖ ಒತ್ತಿ ಹಿಡಿಯುತ್ತದೆ.

ಹಾಗಾದರೆ ಒಂದಕ್ಕೊಂದು ಉಜ್ಜಿ ಸವೆದುಹೋಗುವುದಿಲ್ಲವೇ? ಅಲ್ಲಿಯೇ ಇರುವುದು ಗುಟ್ಟು. ಒಳಗಿನ ಎಣ್ಣೆಯೇ ಎರಡು ಮುಖದ ನಡುವೆ ಪೊರೆಯಾಗಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಪೊರೆ, ಕೂದಲಿಗಿಂತ ಎಷ್ಟೋ ತೆಳು. ಆ ಪಸೆ ಇದ್ದರೆ ವರ್ಷಗಟ್ಟಲೆ ಬಾಳುತ್ತವೆ. ಆ ಪಸೆ ಆರಿತೋ, ತೀರಿತು: ಒಂದನ್ನೊಂದು ಸುಡುತ್ತವೆ. ದೂರವಿದ್ದದ್ದಕ್ಕೆ ಅಲ್ಲ, ಹತ್ತಿರವಿದ್ದದ್ದಕ್ಕೇ ಸುಡುತ್ತವೆ!

ಇರಲಿ, ಕಥೆಗೆ ಬರೋಣ. ಈರಬಸಪ್ಪ ಫಿಟ್ಟರ್ ದಾವಲಸಾಬನನ್ನು ಕೂಗಿ ಪಂಪು ಬಿಚ್ಚಿಸಿದ.

“ಸೀಲು ಹೊಸಾದು ಹಾಕೀಯೇನೋ?”

“ಹಾಕೀನ್ರೀ ಧಣೇರ. ತಿರುಗೂದು ಸೀಳಿತ್ರೀ, ಅದನ್ನ ಬದಲಿ ಮಾಡೀನಿ. ಕುಂತಿದ್ದು ಚಲೋ ಇತ್ರೀ, ಒರಸಿ ಅದನ್ನ ಮತ್ತ ಇಟ್ಟೀನಿ.”

“ಚಲೋ ಇತ್ತಂತ! ಕುಂತಲ್ಲೇ ಕುಂತದ್ದು ಏನೂ ತಪ್ಪು ಮಾಡಿಲ್ಲಂತ ತಿಳದಿ? ಬೆಳಕಿಗೆ ಹಿಡಿ.”

ಬಾಗಿಲ ಬಿಸಿಲಿಗೆ ಹಿಡಿದರೆ ಅದರ ಮೈತುಂಬ ಸಣ್ಣ ಸಣ್ಣ ಗೀರು. ಪಕ್ಕದಲ್ಲಿ ಹೊಸ ಉಂಗುರ. ಅದರ ಮೇಲೂ ಅಂಥವೇ ಗೀರು ಮೂಡಿದ್ದವು.

“ನೋಡು. ಇದರ ಗಾಯ ಅದಕ್ಕ ಹತ್ತೇತಿ. ಕೂಡಿ ಸುಟ್ಟಾವು, ಕೂಡೇ ಬದಲಾಗಬೇಕು. ಅರ್ಧಾ ರಿಪೇರಿ ರಿಪೇರಿ ಅಲ್ಲಪಾ.”

ಹೊಸ ಜೋಡಿ ಕೂಡಿಸಿದರು. ಈ ಸಲ ಈರಬಸಪ್ಪ ಅವಸರ ಮಾಡಲಿಲ್ಲ. ಮೊದಲು ಒಳಗಿನ ಗಾಳಿ ಬಿಡಿಸಿ, ಎಣ್ಣೆ ತುಂಬಲಿ ಎಂದು ಕೈಕಟ್ಟಿ ಕಾಯ್ದ. ದಾವಲಸಾಬ ತಲೆ ಕೆರೆದುಕೊಂಡು, “ಅಕ್ಕಾರು ದೀಪಾ ಹಚ್ಚೂದ್ರಾಗ ಪಂಪು ತುಂಬತಿತ್ರೀ. ನಾವು ಬ್ಯಾರೆ ಕಾಯೂದು ಬೇಕಾಗತಿದ್ದಿಲ್ಲ” ಅಂದ. ಈರಬಸಪ್ಪ ಗುಂಡಿ ಒತ್ತಿದ. ಪಂಪು ತಣ್ಣಗೆ ತಿರುಗಿತು. ಒಂದು ಹನಿಯೂ ಬೀಳಲಿಲ್ಲ.

ಸಂಜೆ ಊಟದ ಹೊತ್ತಿಗೆ ಹೆಂಡತಿ ನೀಲವ್ವನಿಗೆ ಇದನ್ನೆಲ್ಲ ಹಿಗ್ಗಿನಿಂದ ಹೇಳಿದ. ಕೂಡಿ ಸುಟ್ಟದ್ದು, ಕೂಡೇ ಬದಲಾದದ್ದು. ಹೇಳುತ್ತ ಹೇಳುತ್ತ ಖಾಲಿ ಮಣೆಯತ್ತ ಕಣ್ಣು ಹೋಯಿತು. ನಾಡಿದ್ದು ದೀಪಾವಳಿ. ಅವನಿಗೆ ಪ್ರತಿವರ್ಷ ಆರತಿ ಎತ್ತಿದವಳು ಅಕ್ಕ. ಇನ್ನೊಬ್ಬರ ಕೈಯ ಆರತಿಯನ್ನು ಅವನ ಮುಖ ಕಂಡದ್ದೇ ಇಲ್ಲ. ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಗಿಟ್ಟ.

“ನೀಲಾ, ನಾಳೆ ಒಂದೀಟು ಅಕ್ಕನ ಕಡೆ ಹೋಗಿ ಬಾ. ಆಳು ಮಂದಿ ಮುಂದ ಹಂಗ ಅನಬಾರದಿತ್ತು, ತಪ್ಪಾತು ಅಂತ ಒಂದ ಮಾತು ಆಕಿ ಅಂದ್ರ ಸಾಕು. ನಾ ಎಲ್ಲಾ ಮರತ ಬಿಡ್ತೀನಿ.”

ಕೇಳಿದಿರಾ? ಬೆಳಿಗ್ಗೆ ಉಂಗುರ ಬೆಳಕಿಗೆ ಹಿಡಿದ ಮನುಷ್ಯ ಇವನೇ. ಕೂಡೇ ಬದಲಾಗಬೇಕು ಎಂದ ಬಾಯಿ ಇದೇ!

ನಗಬೇಡಿ. ಕಥೆ ಇಲ್ಲಿ ಒಂದು ಗಳಿಗೆ ನಿಲ್ಲಲಿ. ಇಲ್ಲಿ ಕುಳಿತವರಲ್ಲಿ ಯಾರ ಮನೆಯಲ್ಲಿ ಖಾಲಿ ಮಣೆ ಇಲ್ಲ, ಹೇಳಿ. ಅತ್ತೆ ಬದಲಾಗಲಿ ಎಂದು ಸೊಸೆ ಕಾಯುತ್ತಾಳೆ, ಸೊಸೆ ಬದಲಾಗಲಿ ಎಂದು ಅತ್ತೆ ಕಾಯುತ್ತಾಳೆ. “ನಾನು ಸುಮ್ಮನೆ ಕುಂತಿದ್ದೆ” ಅನ್ನುತ್ತೀರಿ. ಕುಳಿತ ಉಂಗುರಕ್ಕೂ ಗೀರು ಬೀಳುತ್ತದೆ ತಾಯಂದಿರಾ! ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಾತಿನ ಗುಂಡಿ ಒತ್ತುವ ಮುಂಚೆ ಒಳಗೆ ಪಸೆ ತುಂಬಿದೆಯೇ ನೋಡಿಕೊಳ್ಳಿ. ತುಂಬಿಲ್ಲವೇ? ಒಂದು ದೀಪ ಹಚ್ಚುವಷ್ಟು ಹೊತ್ತು ತಡೆಯಿರಿ. ಮುನಿದವರ ಬಾಗಿಲಿಗೆ ಮಧ್ಯಸ್ಥರನ್ನು ಅಟ್ಟಬೇಡಿ, ನಿಮ್ಮ ಕಾಲಲ್ಲಿ ನೀವೇ ನಡೆಯಿರಿ. ಹೋದ ಮೇಲೆ ಅವರ ಗೀರು ಎಣಿಸಬೇಡಿ, ನಿಮ್ಮದನ್ನು ಮೊದಲು ಬೆಳಕಿಗೆ ಹಿಡಿಯಿರಿ.

ನೀಲವ್ವ ಏನು ಮಾಡಿದಳು? ಗಂಡನ ಮಾತನ್ನು ಪೂರಾ ಕೇಳಿದಳು. ಎದ್ದು ಒಳಗೆ ಹೋಗಿ, ಗೌರಕ್ಕನಿಗೆ ಇಷ್ಟವಾದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಳು. ಗಂಟನ್ನು ಖಾಲಿ ಮಣೆಯ ಮೇಲಿಟ್ಟಳು. ಅವನ ಚಪ್ಪಲಿಯನ್ನು ಹೊಸ್ತಿಲಾಚೆ ಜೋಡಿಸಿಟ್ಟು ಬಂದು ನಿಂತಳು.

“ನಾ ಹೋಗಂಗಿಲ್ರೀ” ಅಂದಳು.