ನೀರು ಚೆಲ್ಲದೆ ಬಿಟ್ಟ ಸಾಣೆ

ಕಂದೀಲಿನ ಬತ್ತಿ ಸ್ವಲ್ಪ ಇಳಿಸಿ, ಹತ್ತಿರ ಸರಿದು ಕೂಡ್ರಿ. ಇದನ್ನು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. ನಾರಾಯಣಪುರದ ನಮ್ಮ ಸೋದರಮಾವನ ಮಗ ಮಡೆಪ್ಪನಿಗೆ ಆದದ್ದಿದು. ಆತ ಕೊರಳ ಲಿಂಗ ಮುಟ್ಟಿ ಹೇಳಿದ್ದು. ಲಿಂಗ ಮುಟ್ಟಿ ಸುಳ್ಳಾಡುವ ಮನುಷ್ಯನಲ್ಲ ಆತ.

ಆ ರಾತ್ರಿ ಅವನು ಕಲ್ಯಾಣದ ತನ್ನ ಸಾಣೆಯ ಕಾರಖಾನೆ ಮುಚ್ಚಿ ಊರ ದಾರಿ ಹಿಡಿದಿದ್ದ. ಅಮಾವಾಸ್ಯೆ ಹತ್ತಿರ. ಗಾಳಿಯಿಲ್ಲ. ಎರಡೂ ಕಡೆ ಜೋಳ ಎದೆಮಟ ನಿಂತಿತ್ತು, ಒಂದು ಗರಿ ಅಲುಗುತ್ತಿರಲಿಲ್ಲ. ತನ್ನ ಕೆರವಿನ ಸಪ್ಪಳ ಮಾತ್ರ... ಚರಕ್, ಚರಕ್. ಅರ್ಧ ದಾರಿಗೆ ಒಂದು ಹಾಳುಬಾವಿ, ಬಾವಿಯ ತಲೆಯ ಮೇಲೆ ಆಲದ ಮರ. ಅಲ್ಲಿಗೆ ಬಂದವನು ಗಕ್ಕನೆ ನಿಂತ.

ಹೆದರಿ ಅಲ್ಲ. ನೆನಪಾಗಿ.

ಸಾಣೆಯ ದೋಣಿಯ ನೀರು ಚೆಲ್ಲಿರಲಿಲ್ಲ...

ಇದರಲ್ಲೇನು ದೊಡ್ಡ ಮಾತು ಅಂತೀರಿ. ಹೇಳುತ್ತೇನೆ.

ಆ ಸಾಣೆಕಲ್ಲು ಮಡೆಪ್ಪನದಲ್ಲ, ಅವನ ಗುರು ಗೌಸ ಉಸ್ತಾದರದು. ಬಂಡಿಯ ಗಾಲಿಯಷ್ಟು ದೊಡ್ಡದು. ಕೆಳಗೆ ಕಲ್ಲಿನ ದೋಣಿ, ಅದರ ತುಂಬ ನೀರು. ಕಲ್ಲಿನ ಅಂಚು ನೀರು ಮುಟ್ಟಿಕೊಂಡೇ ತಿರುಗಬೇಕು. ಪಕ್ಕದಲ್ಲಿ ಬೇವಿನ ಕಟ್ಟಿಗೆಯ ಹಿಡಿಕೆ. ಉಸ್ತಾದರು ಇಡೀ ಆಯುಷ್ಯ ಆ ಹಿಡಿಕೆ ತಿರುವಿದವರು. ಸಂಜೆ ದೀಪ ಹಚ್ಚಿದ ಮೇಲೆ ಸಾಣೆ ಹಿಡಿಯುತ್ತಿರಲಿಲ್ಲ. ಮುಚ್ಚುವ ಮೊದಲು ದೋಣಿಯ ನೀರು ಚೆಲ್ಲಿ, ಕಲ್ಲನ್ನು ಅರಿವೆಯಿಂದ ಒರೆಸಿ, ಬಿಸ್ಮಿಲ್ಲಾ ಅಂದು ಬೆರಳ ಗೆಣ್ಣಿನಿಂದ ಒಮ್ಮೆ ಬಡಿಯುವರು. ಕಲ್ಲು 'ಟಣ್' ಅನ್ನಬೇಕು. ಅಂದರೆ ಆರೋಗ್ಯ. ಆಮೇಲೆ ಬಾಗಿಲು. ರಾತ್ರಿಯಿಡೀ ಕಲ್ಲು ನೀರಿನಲ್ಲಿ ನಿಂತರೆ ಕೆಳಗಿನ ಮಗ್ಗಲು ನೀರು ಕುಡಿದು ಭಾರವಾಗುತ್ತದೆ, ಮೆತ್ತಗಾಗುತ್ತದೆ. ಒಳಗೊಂದು ಕೂದಲೆಳೆ ಬಿರುಕಿದ್ದರೆ ಬಾಯಿ ಬಿಡುತ್ತದೆ. "ಕಲ್ಲಿನ ಕಾಲು ಒರೆಸಿ ಮಲಗಸ್ರಿ" ಅನ್ನುತ್ತಿದ್ದರು, ಮನೆಯ ಕೂಸಿನ ಸುದ್ದಿ ಹೇಳುವವರ ಹಾಗೆ.

ತಲೆ ಓಡುತ್ತಿತ್ತು ಅವರದು. ಕಲ್ಯಾಣದಿಂದ ಹುಮನಾಬಾದಿಗೆ ಮಂದಿ ಒಯ್ಯುವ ಮೋಟಾರಿನ ತಲೆಯ ಮೇಲೆ ಚೀಲ, ಕೋಳಿಬುಟ್ಟಿ, ಬೆಲ್ಲದ ಪೆಂಟಿ ಎಲ್ಲ ಹೇರಿ ಅದು ತಿರುವಿನಲ್ಲಿ ವಾಲುತ್ತಿದ್ದಾಗ, ಮೋಟಾರಿನ ಹೊಟ್ಟೆಯ ಕೆಳಗೆ ಕಬ್ಬಿಣದ ಪೇಟಿ ಕೂಡಿಸಿದವರು ಅವರೇ. ಭಾರವೆಲ್ಲ ಕೆಳಗೆ ಇಳಿಯಿತು. ಪೇಟಿಯ ಮುಚ್ಚಳಕ್ಕೆ ಎಂಥ ಯುಕ್ತಿ ಮಾಡಿದ್ದರೆಂದರೆ, ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ 'ಢಬ್' ಅಂತ ಮುಚ್ಚಿ ಕೊಂಡಿ ಹಾಕಿಕೊಳ್ಳುತ್ತಿತ್ತು. ನಮಾಜು ಬಿಟ್ಟವರಲ್ಲ. ಶಿವರಾತ್ರಿಗೆ ಮಡೆಪ್ಪನಿಗೆ ಅರ್ಧ ದಿನದ ರಜೆ ಕೊಡದೆ ಇದ್ದವರೂ ಅಲ್ಲ.

ಸಾಯುವ ಕಾಲಕ್ಕೆ ಮಗ ಹುಸೇನನ ಕೈ ಹಿಡಿದು ಮಡೆಪ್ಪನ ಕೈಯೊಳಗೆ ಇಟ್ಟರು. ಅವರ ಹೆಂಡತಿ ಬಿಸ್ಮಿಲ್ಲಾ ಬೀ ಬಾಗಿಲಿಗೆ ಒರಗಿ ನೋಡಿದಳು. ಕೊಟ್ಟದ್ದಕ್ಕೆ ಅವಳೇ ಸಾಕ್ಷಿ.

ಹುಸೇನ ಮೀಸೆ ಬಂದ ಹುಡುಗ. ಚುರುಕು, ಆದರೆ ತಡೆದುಕೊಳ್ಳುವವನಲ್ಲ. ಕೈ ತಿರುವಿ ಸಾಣೆ ಹಿಡಿಯುವುದು ಅವನಿಗೆ ಬೇಸರ. ಅದಕ್ಕೇ ಮಡೆಪ್ಪ ಹಿಟ್ಟಿನ ಗಿರಣಿಯ ಹಳೆಯ ಎಂಜಿನ್ನೊಂದನ್ನು ತಂದು, ತೊಗಲಿನ ಪಟ್ಟಾ ಹಾಕಿ ಸಾಣೆಗೆ ಜೋಡಿಸಿದ. ಉಸ್ತಾದರಿದ್ದಾಗಲೇ ಕೇಳಿದ್ದ, ಅವರು ಬೇಡ ಅಂದಿದ್ದರು. "ಕಲ್ಲು ಕೈಯ ಮಾತು ಕೇಳ್ತದ ಮಡೆಪ್ಪ. ಬೆಂಕಿಯ ಮಾತು ಕೇಳಂಗಿಲ್ಲ."

ಆದರೂ ಜೋಡಿಸಿದ. ಕಲ್ಲು ಭರ್ರನೆ ತಿರುಗಿತು. ದಿನದ ಕೆಲಸ ಗಳಿಗೆಯಲ್ಲಿ ಮುಗಿಯಿತು. ಊರ ಮಂದಿ ಬಂದು ನೋಡಿ ಹೋದರು. ಮಡೆಪ್ಪನ ತಲೆಗೆ ಸ್ವಲ್ಪ ಏರಿತು, ಇಲ್ಲವೆನ್ನಬಾರದು. ಹಿಡಿಕೆ ಬಿಚ್ಚಿ ಮೋಟಾರಿನ ಡ್ರೈವರ ಅಜೀಮುದ್ದೀನನ ಕೈಗೆ ಕೊಟ್ಟು, ಇದರ ಕೆಲಸ ಮುಗೀತು, ಹುಮನಾಬಾದಿನ ಗುಜರಿಯೊಳಗ ಒಗದು ಬಾ ಅಂದ. ಅಜೀಮುದ್ದೀನನಿಗೆ ಮನಸ್ಸು ಒಪ್ಪಲಿಲ್ಲ. ಉಸ್ತಾದರ ಕೈ ಸವೆದ ಕಟ್ಟಿಗೆ. ಅದನ್ನು ಮೋಟಾರಿನ ಕೆಳಗಿನ ಪೇಟಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡ.

ಆಗ ದೊಡ್ಡ ಲಡಾಯಿಯ ಕಾಲ. ಪೆಟ್ರೋಲಿಲ್ಲ. ಮೋಟಾರಿನ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿದ್ದರು, ಅದರ ಹೊಗೆ ಕುಡಿದು ಅದು ಕೆಮ್ಮುತ್ತ ಓಡುತ್ತಿತ್ತು. ಎಂಜಿನ್ನಿನೊಳಗೆ ಹೊಗೆ ಒಳಗೆ ಬಿಡುವ, ಹೊರಗೆ ಬಿಡುವ ಬಾಗಿಲುಗಳಿರುತ್ತವೆ. ವಾಲ್ವ್ ಅಂತಾರೆ, ನೋಡಲು ಕಬ್ಬಿಣದ ಅಣಬೆ. ಇದ್ದಲಿಯ ಬೂದಿಗೆ ಅವುಗಳ ಅಂಚು ಸುಟ್ಟು ಗುಳಿ ಬಿದ್ದು, ಮೋಟಾರು ಹುಮನಾಬಾದಿನಲ್ಲಿ ನಿಂತುಬಿಟ್ಟಿತು. ಹೊಸದು ಸಿಗುವ ಮಾತೇ ಇಲ್ಲ, ಹಳೆಯದರ ಅಂಚನ್ನೇ ಸಾಣೆ ಹಿಡಿದು ಸರಿಮಾಡಬೇಕು. ಅಜೀಮುದ್ದೀನ್ ವಾಲ್ವುಗಳನ್ನು ಬಿಚ್ಚಿ ಅರಿವೆಯಲ್ಲಿ ಕಟ್ಟಿಕೊಂಡು, ಬಂಡಿ ಹಿಡಿದು ಕಲ್ಯಾಣಕ್ಕೆ ಬಂದ. ಬಂದಾಗ ದೀಪ ಹಚ್ಚುವ ಹೊತ್ತು. ಮಡೆಪ್ಪ ಇನ್ನೇನು ನೀರು ಚೆಲ್ಲಬೇಕು, ಅಷ್ಟರಲ್ಲಿ ಮಾತು ಶುರುವಾಯಿತು.

ಮಾತು ಯಾರದೆಂದರೆ ಹುಸೇನನ ಹೆಂಡತಿಯದು. ಹೊಸ ಮದುವೆ. ತವರಿಗೆ ಹೋಗಿದ್ದ ಅನ್ವರಿ, ತನ್ನ ಸೋದರತ್ತೆ ವಜೀರಬಿಯ ಸಂಗಡ ಅದೇ ಮೋಟಾರಿನಲ್ಲಿ ಕಲ್ಯಾಣಕ್ಕೆ ಹೊರಟವಳು ಹುಮನಾಬಾದಿನಲ್ಲೇ ಸಿಕ್ಕಿಬಿದ್ದಿದ್ದಳು. ರಾತ್ರಿ ಮೋಟಾರಿನೊಳಗೇ ಮಲಗುತ್ತಾರಂತೆ. ಕೇಳಿ ಹುಸೇನನ ಮುಖ ಇಳಿಯಿತು.

"ಯಾಕೋ ಹುಸೇನ," ಅಂದ ಅಜೀಮುದ್ದೀನ್, "ಮೋಟಾರು ಕೆಟ್ಟದಂತ ಅಳಾಕತ್ತೀಯೋ, ಬೀಬಿ ಬರಲಿಲ್ಲಂತ ಅಳಾಕತ್ತೀಯೋ?"

ಹುಸೇನ ಆಗಿಂದಾಗಲೇ ಎಂಜಿನ್ನು ಹಚ್ಚೋಣ ಅಂದ. ದೀಪ ಹಚ್ಚಿದ ಮೇಲೆ ಸಾಣೆ ಬೇಡ, ನಸುಕಿಗೆ ಹಿಡಿಯೋಣ ಅಂದ ಮಡೆಪ್ಪ. ಹಾಗಾದರೆ ಕಾರಖಾನೆಯ ಕೀಲಿಕೈ ನನಗೆ ಕೊಡಿ ಕಾಕಾ, ನೀವು ನಾರಾಯಣಪುರದಿಂದ ಬರುವುದರೊಳಗೆ ಮುಗಿಸಿರುತ್ತೇನೆ ಅಂದ ಹುಸೇನ. ಮಡೆಪ್ಪ ನಗುತ್ತ ಕೊಟ್ಟ. ನಗೆಯಲ್ಲಿ ನೀರು ಮರೆತುಹೋಯಿತು.

ಈಗ ತಿಳಿಯಿತೇ? ನೀರು ಕುಡಿದ ಕಲ್ಲು. ನಸುಕಿನಲ್ಲಿ ಅವಸರದ ಹುಡುಗ. ಎಂಜಿನ್ನಿನ ಓಟ. ಆ ಓಟಕ್ಕೆ ಕಲ್ಲು ಸಿಡಿದರೆ ಎದುರಿಗೆ ನಿಂತವನ ಎದೆ ಉಳಿಯುವುದಿಲ್ಲ.

ಆಲದ ಕೆಳಗೆ ನಿಂತು ಮಡೆಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ರಾತ್ರಿಗೆ ಏನಾದೀತು... ಶಿವ ನೋಡಿಕೊಳ್ಳುತ್ತಾನೆ... ಬೆಳಗಾಗುವುದರೊಳಗೆ ಎದ್ದು ಓಡಿದರಾಯಿತು. ಎರಡು ಹೆಜ್ಜೆ ಊರಿನ ಕಡೆ ಇಟ್ಟ.

ಆಗ ಕೇಳಿತು.

ಸರ್ರ್... ಸರ್ರ್... ಸರ್ರ್... ಕೀಂವ್.

ಸಾಣೆ ತಿರುಗುವ ಸಪ್ಪಳ. ಬಾವಿಯೊಳಗಿಂದ ಬಂದ ಹಾಗೆ, ಕಿವಿಯ ಪಕ್ಕದಲ್ಲೇ ಬಂದ ಹಾಗೆ. ಸುತ್ತು ಮುಗಿದಾಗಲೊಮ್ಮೆ ಆ 'ಕೀಂವ್'... ಅದು ಪಟ್ಟಾದ ಸಪ್ಪಳವಲ್ಲ. ಬೇವಿನ ಹಿಡಿಕೆಯದು. ಎಷ್ಟು ಎಣ್ಣೆ ಬಿಟ್ಟರೂ ಹೋಗದ ಕಿರುಗುಡುವಿಕೆ, ಶಿಷ್ಯನಾದಾಗಿನಿಂದ ಕೇಳಿದ್ದು.

ಹಿಡಿಕೆ ಹುಮನಾಬಾದಿನಲ್ಲಿತ್ತು.

ಶಿವ ಶಿವಾ ಅಂದ. ಸಪ್ಪಳ ನಿಲ್ಲಲಿಲ್ಲ. ಕಲ್ಯಾಣದ ಕಡೆ ತಿರುಗಿ ನಿಂತ... ಸಪ್ಪಳ ಸ್ವಲ್ಪ ಮುಂದೆ ಸರಿಯಿತು. ಅದನ್ನು ಹಿಂಬಾಲಿಸಿದ. ಮೊದಲು ನಡೆದ, ಆಮೇಲೆ ಓಡಿದ. ಕೈಯಲ್ಲಿದ್ದ ಕಂದೀಲು ಆರಿತು, ಹಚ್ಚಲು ನಿಲ್ಲಲಿಲ್ಲ.

ಕಾರಖಾನೆಯ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಗೇ ಇತ್ತು, ಕೀಲಿಕೈ ಹುಸೇನನ ಹತ್ತಿರ. ಬಿರುಕಿನಲ್ಲಿ ಕಣ್ಣಿಟ್ಟ. ಕತ್ತಲೆ. ಆದರೆ ಒಳಗೆ ಸಾಣೆ ತಿರುಗುತ್ತಿತ್ತು... ನಿಧಾನಕ್ಕೆ, ದಣಿವಿಲ್ಲದವರು ತಿರುವಿದ ಹಾಗೆ. ಸರ್ರ್... ಸರ್ರ್... ಕೀಂವ್. ಮಧ್ಯೆ ಒಂದು ಕೆಮ್ಮು. ಒಣ ಕೆಮ್ಮು, ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಸಪ್ಪಳ.

ಆ ಕೆಮ್ಮಿನ ಜೊತೆ ಮಡೆಪ್ಪ ಅರ್ಧ ಆಯುಷ್ಯ ಕಳೆದಿದ್ದ.

ಬಾಗಿಲಿಗೆ ಹಣೆ ಹಚ್ಚಿ, ಉಸಿರಿನಲ್ಲೇ ಅಂದ. "ಉಸ್ತಾದ್..."

ಸಾಣೆ ನಿಂತಿತು.

ನೀರಿನ ಹನಿ ಮಾತ್ರ... ತೊಟ್... ತೊಟ್... ಆಮೇಲೆ ಬಾಗಿಲಿನ ಆ ಕಡೆ, ಅವನ ಹಣೆಯ ಎದುರಿಗೇ, ಮೆಲ್ಲಗೆ.

"ನೀರ ಚೆಲ್ಲಿಲ್ಲ, ಮಡೆಪ್ಪ."

ಬೈಗುಳವಿಲ್ಲ, ಸಿಟ್ಟಿಲ್ಲ. ಮುಂಚೆ ಹೇಳುತ್ತಿದ್ದ ಹಾಗೇ.

ಒಳಗೆ ದೋಣಿಯ ಬೂಚು ತೆಗೆದ ಸಪ್ಪಳ. ಗಳಗಳ ನೀರು ಹರಿದು ಬಾಗಿಲ ಕೆಳಗಿನಿಂದ ಬಂದು ಮಡೆಪ್ಪನ ಕೆರವು ತೋಯಿಸಿತು. ಅರಿವೆಯಿಂದ ಒರೆಸಿದ ಸಪ್ಪಳ. ಕೊನೆಗೆ ಬೆರಳ ಗೆಣ್ಣಿನಿಂದ ಕಲ್ಲು ಬಡಿದದ್ದು, ಒಂದೇ ಸಲ.

'ಟಣ್' ಅನ್ನಲಿಲ್ಲ. 'ಡಬ್' ಅಂದಿತು. ಒಡಕು ಮಡಕೆಯ ಹಾಗೆ.

ಆಮೇಲೆ ಒಳಗೆ ಯಾರೂ ಇದ್ದಂತೆ ಅನ್ನಿಸಲಿಲ್ಲ.

ಮಡೆಪ್ಪ ಅಲ್ಲಿಂದ ಓಡಿಹೋಗಬಹುದಿತ್ತು. ಹೋಗಲಿಲ್ಲ. ಹುಸೇನ ಒಬ್ಬನೇ ಬಂದು ಒಳಗೆ ಕಾಲಿಡಬಾರದು, ಅಷ್ಟೇ ಅವನ ತಲೆಯಲ್ಲಿ. ಹೊಸ್ತಿಲ ಮೇಲೆ ಅಡ್ಡ ಕುಳಿತ. ಅಂಗೈಯಲ್ಲಿ ಲಿಂಗ ಹಿಡಿದು ಪಂಚಾಕ್ಷರಿ ಜಪಿಸಿದ. ಗುರು ಯಾವ ಜಾತಿಯವನಾದರೇನು, ಸತ್ತ ಮೇಲೂ ಬಿಡದೆ ಬಂದವನು ಗುರುವೇ. ದೆವ್ವ ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ನಸುಕಿನಲ್ಲಿ ಹುಸೇನ ಬಂದ, ಹಿಂದೆ ಆಕಳಿಸುತ್ತ ಅಜೀಮುದ್ದೀನ್. ರಾತ್ರಿ ಅವನು ಹುಸೇನನ ಮನೆಯಲ್ಲೇ ಮಲಗಿದ್ದ. ಹೊಸ್ತಿಲ ಮೇಲೆ ಮಡೆಪ್ಪನನ್ನು ನೋಡಿ, ಕಾಕಿ ಮನೆಯಿಂದ ಹೊರಗೆ ಹಾಕಿದಳೇನು ಅಂತ ಕೇಳಿ ಹುಸೇನ ನಕ್ಕ. ಮಡೆಪ್ಪ ನಗಲಿಲ್ಲ. ಬಾಗಿಲು ತೆಗೆದರು.

ದೋಣಿ ಖಾಲಿ. ಕಲ್ಲು ಒರೆಸಿತ್ತು. ಪಟ್ಟಾ ಬಿಚ್ಚಿ, ಮಡಚಿ, ಗೂಟಕ್ಕೆ ಹಾಕಿತ್ತು.

ಹುಸೇನ ಅದನ್ನು ಗಮನಿಸಲೂ ಇಲ್ಲ. ಪಟ್ಟಾ ಇಳಿಸಿಕೊಂಡು ಎಂಜಿನ್ನಿನ ಹತ್ತಿರ ಹೋದ. ಮಡೆಪ್ಪ ಅಡ್ಡ ನಿಂತ.

"ಇವತ್ತ ಎಂಜಿನ್ನು ಬ್ಯಾಡ."

"ಕಾಕಾ, ಅಲ್ಲಿ ಅನ್ವರಿ ರಾತ್ರಿಯಿಡೀ..."

"ಬ್ಯಾಡ ಅಂದೆ."

"ನಿನ್ನೆ ಇದೇ ಕಲ್ಲು, ಇದೇ ಎಂಜಿನ್ನು. ಇವತ್ತೇನ ಬ್ಯಾನಿ ಬಂತ ಅದಕ?"

ಮಡೆಪ್ಪ ಮೂಲೆಯಲ್ಲಿದ್ದ ಕಟ್ಟಿಗೆಯ ಕೊಡತಿ ತೆಗೆದುಕೊಂಡು ಕಲ್ಲಿನ ಮಗ್ಗಲಿಗೆ ಮೆಲ್ಲಗೆ ತಟ್ಟಿದ, ಮಲಗಿದ ಕೂಸನ್ನು ತಟ್ಟಿದ ಹಾಗೆ. ಡಬ್. ಇನ್ನೊಮ್ಮೆ. ಡಬ್. ಮತ್ತೊಮ್ಮೆ ತಟ್ಟುವುದರೊಳಗೆ ಕಲ್ಲಿನೊಳಗೆ ಏನೋ 'ಕಟಕ್' ಅಂದಿತು. ಬಂಡಿಯ ಗಾಲಿಯಷ್ಟು ದೊಡ್ಡ ಸಾಣೆ ಅಡ್ಡಡ್ಡ ಸೀಳಿ, ಅರ್ಧ ದೋಣಿಯಲ್ಲಿ ಬಿತ್ತು, ಅರ್ಧ ಹುಸೇನನ ಕಾಲಿನ ಹತ್ತಿರ.

ಹುಸೇನ ಕೈಯಲ್ಲಿದ್ದ ಪಟ್ಟಾ ತಿರುಗಿ ಗೂಟಕ್ಕೆ ಹಾಕಿದ. ಅಜೀಮುದ್ದೀನ್ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಅಲ್ಲಾ ಅಂದ, ಅಷ್ಟೇ.

ಆ ದಿನ ಮೂವರೂ ಕೂತು, ಒಡೆದ ಕಲ್ಲಿನ ಚೂರುಗಳ ಮೇಲೆ ವಾಲ್ವುಗಳನ್ನು ಕೈಯಿಂದಲೇ ತಿರುವಿ ತಿರುವಿ ಉಜ್ಜಿದರು. ಹುಸೇನನೇ ಹೆಚ್ಚು ಉಜ್ಜಿದ. ಬೇಸರವೆಂಬ ಮಾತು ಅವನ ಬಾಯಿಂದ ಬರಲಿಲ್ಲ. ಹೊತ್ತು ಇಳಿದ ಮೇಲೆ ಬಂಡಿ ಕಟ್ಟಿಕೊಂಡು ಹುಮನಾಬಾದಿಗೆ ಹೊರಟರು. ಮಡೆಪ್ಪನೂ ಏರಿದ. ಗುಜರಿಯಲ್ಲಿ ಆ ಹಿಡಿಕೆ ಹುಡುಕಬೇಕಿತ್ತು ಅವನಿಗೆ.

ಮೋಟಾರಿನ ಪಕ್ಕದಲ್ಲಿ ಅನ್ವರಿ ಮುಸುಕು ಎಳೆದುಕೊಂಡು ಕುಳಿತಿದ್ದಳು. ಗಂಡನನ್ನು ನೋಡಿ, ಇಷ್ಟು ಬೇಗ ಯಾಕ ಬಂದ್ರಿ ಅಂತ ಚುಚ್ಚಿದಳು. ವಜೀರಬಿ ಮಾತ್ರ ಅಜೀಮುದ್ದೀನನನ್ನು ಪಕ್ಕಕ್ಕೆ ಕರೆದು ದೂರಿದಳು. ಹೆಂಗಸರನ್ನು ಬಿಟ್ಟು ಹೋಗುವಾಗ ಪೇಟಿಗೆ ಸರಿಯಾಗಿ ಕೀಲಿ ಹಾಕಬಾರದೇ? ನಿನ್ನೆ ರಾತ್ರಿ ತಮ್ಮ ಬೆನ್ನಿನ ಕೆಳಗೇ ಅದರ ಮುಚ್ಚಳ 'ಢಬ್' ಅಂತ ಬಿತ್ತಂತೆ. ಎದ್ದು ಕೂತರಂತೆ. ಬೆಳಗಿನ ಬಾಂಗಿಗಿಂತ ಮುಂಚೆ ಇನ್ನೊಮ್ಮೆ.

ಅಜೀಮುದ್ದೀನ್ ಬಗ್ಗಿ ನೋಡಿದ. ಕೀಲಿ ಹಾಕಿದ ಹಾಗೇ ಇತ್ತು. ಕೀಲಿಕೈ ಉಡಿದಾರದಲ್ಲಿತ್ತು, ಕಲ್ಯಾಣದಲ್ಲಿ ಮಲಗಿದಾಗಲೂ ಅಲ್ಲೇ ಇತ್ತು. ಬಿಚ್ಚಿ, ಕೀಲಿ ತೆಗೆದು, "ಹಿಡಿಕಿ ಗುಜರಿಗೆ ಒಗಿಯಾಕ ಮನಸ್ಸಾಗಲಿಲ್ಲ, ಇದರಾಗೇ ಇಟ್ಟೀನಿ" ಅಂದು ಮುಚ್ಚಳ ಎತ್ತಿ ಹಿಡಿದ. ಮಡೆಪ್ಪ ಒಳಗೆ ಕೈ ಹಾಕಿದ.

ಬೇವಿನ ಹಿಡಿಕೆ ಒದ್ದೆಯಾಗಿತ್ತು. ಅದರ ಕಬ್ಬಿಣದ ಬಾಯಿಗೆ ಸಾಣೆಯ ಬೂದುರಾಡಿ ಹಸಿಹಸಿಯಾಗಿ ಹತ್ತಿತ್ತು. ಕೈ ಹಿಡಿಯುವ ಜಾಗ ಬೆಚ್ಚಗಿತ್ತು.

ಮಡೆಪ್ಪ ಅದನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ ಬಿಸ್ಮಿಲ್ಲಾ ಬೀಗೆ ತಂದುಕೊಟ್ಟ. ಅವಳು ಇಸಿದುಕೊಂಡು ಗೋಡೆಯ ಮಾಡದಲ್ಲಿಟ್ಟಳು. ಅವಳ ಮನೆಗೆ ಹೋದಾಗ ನಾನೇ ನೋಡಿದ್ದೇನೆ. ಹಿಡಿಕೆಯ ಕೆಳಗೆ ಮಡಚಿದ ಅರಿವೆ ಇಟ್ಟಿರುತ್ತಾಳೆ, ದಿನಾ ಬದಲಿಸುತ್ತಾಳೆ.

ಯಾಕಂದರೆ ರಾತ್ರಿ ಕಳೆಯುವುದರೊಳಗೆ ಅದು ಒದ್ದೆಯಾಗಿರುತ್ತದೆ. ನಿಜ ಹೇಳುತ್ತಿದ್ದೇನೆ.